ಡೆಪಾ ತೈಲ: ಉಣುಗಿಗೆ ಎಷ್ಟರ ಮಟ್ಟಿಗೆ ತಡೆ?

ಉಣುಗು (ಉಣ್ಣೆ) ಕಚ್ಚುವುದರಿಂದ ಹರಡುವ ಮಂಗನ ಕಾಯಿಲೆಯ ಕಾಲ ಬಂತೆಂದರೆ ಮಲೆನಾಡಿನ ಕಾಡಂಚಿನ ಊರುಗಳಲ್ಲಿ ಆರೋಗ್ಯ ಇಲಾಖೆ ಉಚಿತವಾಗಿ ಹಂಚುವ ಎಣ್ಣೆ ಇದು. ಭಾರತೀಯ ರಕ್ಷಣಾ ಸಂಶೋಧಕರು ರೂಪಿಸಿದ ಡೈಈಥೈಲ್ ಫಿನೈಲ್ ಅಸಿಟಮೈಡ್ ಇದರ ಸತ್ವ. ಇದನ್ನು ಔಷಧಿ ಎಂದುಕೊಂಡವರು ಬಹಳ. ಇದು ಉಣುಗು ಮೈಗೆ ಹತ್ತದಂತೆ ನೋಡಿಕೊಳ್ಳುತ್ತದೆ, ಅಷ್ಟೇ. ಕಚ್ಚಿದ ಮೇಲೆ ಹಚ್ಚಿ ಪ್ರಯೋಜನವಿಲ್ಲ.

ಎಣ್ಣೆ ಒಳ್ಳೆಯದೇ, ಹಚ್ಚುವ ರೀತಿಯಲ್ಲಿ ಎಡವಟ್ಟಾಗುತ್ತಿದೆ. ಬೆಳಿಗ್ಗೆ ಪಾದಕ್ಕಷ್ಟೇ ನಾಲ್ಕು ಹನಿ ಸವರಿಕೊಂಡು ಸಂಜೆವರೆಗೆ ದರಗು (ಒಣಗಿ ಬಿದ್ದ ಎಲೆ) ಗುಡಿಸಿದರೆ ರಕ್ಷಣೆ ಸಿಗದು. ರೋಗ ಹರಡುವುದರಲ್ಲಿ ಮುಖ್ಯ ಪಾತ್ರ ಮರಿ ಉಣುಗಿನದು. ಸಾಸಿವೆಗಿಂತ ಚಿಕ್ಕದು, ಕಣ್ಣಿಗೆ ಬೀಳುವುದು ಕಷ್ಟ. ದರಗಿನಿಂದ ಕಾಲಿಗೆ ಹತ್ತಿ ಮೇಲೇರುತ್ತಾ ಮೊಣಕಾಲ ಹಿಂದೆ, ತೊಡೆಸಂದು, ಸೊಂಟಪಟ್ಟಿ, ಕಂಕುಳಲ್ಲಿ ಕೂರುತ್ತದೆ. ಹಾಗಾಗಿ ಕಾಡಿಗೆ ಹೊರಡುವ ಮೊದಲು ಕಾಲು, ಕೈ, ಕತ್ತು, ಬಟ್ಟೆ ಮುಚ್ಚದ ಭಾಗವನ್ನೆಲ್ಲ ಬಿಡದೆ ಸವರಬೇಕು. ಕಣ್ಣು, ಬಾಯಿ, ಗಾಯಕ್ಕೆ ತಾಗಬಾರದು. ಬೆವರಿದರೆ, ಹಳ್ಳ ದಾಟಿದರೆ ತೊಳೆದುಹೋಗುತ್ತದೆ, ಮತ್ತೆ ಹಚ್ಚಬೇಕು. ಬಾಟಲಿ ಮನೆಯಲ್ಲಿ ಬಿಟ್ಟು ಹೋಗುವಂತಿಲ್ಲ. ಊಟಕ್ಕೆ ಮೊದಲು ಕೈಗೆ ಸೋಪು ಹಾಕಿ ತೊಳೆಯಲೇಬೇಕು.

ಜಿಡ್ಡು ಎಂಬ ದೂರು ನಿಜ. ಆದರೂ ಬಿಡಬಾರದು. ಎಣ್ಣೆಯೊಂದನ್ನೇ ನಂಬುವಂತೆಯೂ ಇಲ್ಲ: ಲುಂಗಿ ಎತ್ತಿ ಕಟ್ಟಿದ ಬರಿಗಾಲಿಗಿಂತ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ ಹಾಕುವ ಬೂಟು ಎಷ್ಟೋ ಮೇಲು. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಸ್ನಾನ ಮಾಡಿ, ಮೈ ಹುಡುಕಬೇಕು. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ, ನಿಧಾನಕ್ಕೆ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ, ಉಗುರಿನಲ್ಲಿ ಹಿಸುಕುವುದು ಬೇಡ.

ಈ ಬಾಟಲಿಗೆ ಈಗ ಇಷ್ಟು ಮಹತ್ವ ಬರಲು ಕಾರಣವಿದೆ. ಈ ರೋಗಕ್ಕೆ ಕೊಡುತ್ತಿದ್ದ ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ರೋಗ ದಶಕಗಳ ಕಾಲ ಶಿವಮೊಗ್ಗ ಮತ್ತು ಸುತ್ತಲಿನ ಜಿಲ್ಲೆಗಳಲ್ಲೇ ಇತ್ತು. 2012ರಲ್ಲಿ ಬಂಡೀಪುರದ ಮಂಗಗಳಲ್ಲಿ, ಆಮೇಲೆ ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗ ಎಂದು ಘಟ್ಟದುದ್ದಕ್ಕೂ ಕಾಣಿಸಿಕೊಂಡಿದೆ. ಹೊಸದಾಗಿ ಕಾಣಿಸಿಕೊಂಡ ಊರುಗಳಿಗೆ ಬರೀ ಬಾಟಲಿ ಕೊಟ್ಟು ಕಳಿಸಿದರೆ ಸಾಲದು. ಹಚ್ಚುವುದನ್ನು ಎದುರಿಗೆ ಮಾಡಿ ತೋರಿಸಬೇಕು, ನವೆಂಬರಿನಲ್ಲೇ ಕೊಡಬೇಕು. ಮರಿ ಉಣುಗಿನ ಹಾವಳಿ ಆಗ ಶುರುವಾಗಿ ಮೇ ತನಕ ಇರುತ್ತದೆ. ರೋಗಿ ಪತ್ತೆಯಾದ ಮೇಲೆ ಹಂಚಿದರೆ ತಡವಾಯಿತು.

ಎಣ್ಣೆ ಹಚ್ಚಿದ್ದರೂ ಸರಿ, ಕಾಡಿಗೆ ಹೋಗಿ ಬಂದ 3ರಿಂದ 8 ದಿನದೊಳಗೆ ದಿಢೀರ್ ಜ್ವರ, ತಲೆಸಿಡಿತ, ಮೈಕೈ ನೋವು ಬಂದರೆ ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಕಾಡಿಗೆ ಹೋಗಿದ್ದನ್ನು ಹೇಳಬೇಕು. ರಕ್ತಸ್ರಾವದ ಅಪಾಯವಿರುವುದರಿಂದ ಆಸ್ಪಿರಿನ್, ಐಬುಪ್ರೊಫೇನ್ ಮುಟ್ಟಬೇಡಿ.