ನಾಲ್ಕು ಮಳೆಗಾಲ ನೆನೆದ ಹವಾಮಾನ ಯಂತ್ರ

ಕೊಪ್ಪ ತಾಲ್ಲೂಕಿನ ನಮ್ಮ ತೋಟದಲ್ಲಿ, ಕಾಫಿ ಕಣದ ಮೂಲೆಗೆ ಕಂಬ ನೆಟ್ಟು ಈ ಯಂತ್ರವನ್ನು ಕೂರಿಸಿ ನಾಲ್ಕು ಮಳೆಗಾಲ ಕಳೆದವು. ಮಳೆ, ಗಾಳಿ, ಉಷ್ಣಾಂಶ, ತೇವಾಂಶಗಳನ್ನು ಅಳೆದು ತಂತಿಯಿಲ್ಲದೆ ಮನೆಯೊಳಗಿನ ಪರದೆಗೆ ಕಳುಹಿಸುತ್ತದೆ. ಹದಿನಾರು ಸಾವಿರ ಕೊಟ್ಟಿದ್ದೆ. ತಯಾರಕರ ಹೆಸರು ಬೇಡ. ಈ ಬಗೆಯ ಯಂತ್ರಗಳ ಹೊಟ್ಟೆಯೊಳಗಿನ ಏರ್ಪಾಡು ಹೆಚ್ಚುಕಡಿಮೆ ಒಂದೇ. ಕಣದ ಇನ್ನೊಂದು ತುದಿಯಲ್ಲಿ ಅಪ್ಪನ ಕಾಲದ, ಐದು ಇಂಚು ಬಾಯಿಯ ತಾಮ್ರದ ಮಳೆಮಾಪಕವಿದೆ. ಅದನ್ನು ಕಿತ್ತು ಅಟ್ಟಕ್ಕೆ ಹಾಕಬೇಕೆಂದೇ ಇದನ್ನು ತಂದದ್ದು. ಇನ್ನೂ ಕಿತ್ತಿಲ್ಲ.

ಕಾರಣ ಸರಳ. ಯಂತ್ರದ ಆಲಿಕೆಯ ಕೆಳಗೆ ಏತದಂತೆ ಅತ್ತಿತ್ತ ವಾಲುವ ಎರಡು ಪುಟ್ಟ ಬಟ್ಟಲುಗಳಿವೆ. 0.3 ಮಿ.ಮೀ. ಮಳೆ ತುಂಬಿದಾಗಲೆಲ್ಲ ಒಂದು ವಾಲಿ ಚೆಲ್ಲುತ್ತದೆ, ಯಂತ್ರ ಒಂದು ಎಣಿಸುತ್ತದೆ. ಬಟ್ಟಲು ವಾಲುವ ಆ ಕ್ಷಣದಲ್ಲಿ ಸುರಿದ ನೀರು ಲೆಕ್ಕಕ್ಕೆ ಸಿಗುವುದಿಲ್ಲ. ಸೋನೆಮಳೆಗೆ ಇದು ಗೊತ್ತೇ ಆಗದು. ಪುನರ್ವಸು ಮಳೆ ಧೋ ಎಂದು ಹಿಡಿದರೆ ಗೊತ್ತಾಗುತ್ತದೆ. ಪರೀಕ್ಷಿಸಿಯೂ ನೋಡಿದೆ. ಆಲಿಕೆಯ ಬಾಯಿ ನೂರು ಚದರ ಸೆಂ.ಮೀ. ಇರುವುದರಿಂದ ಒಂದು ಲೀಟರ್ ನೀರು ಸರಿಯಾಗಿ 100 ಮಿ.ಮೀ. ಮಳೆಗೆ ಸಮ. ಬಾಟಲಿಗೆ ಸೂಜಿಯಿಂದ ತೂತು ಮಾಡಿ ಮೂರು ಗಂಟೆ ಹನಿಸಿದಾಗ 97.2 ತೋರಿಸಿತು. ತೂತು ದೊಡ್ಡದು ಮಾಡಿ ಅರ್ಧ ಗಂಟೆಯಲ್ಲಿ ಇಳಿಸಿದಾಗ 90.3. ಅಪ್ಪನ ಮಾಪಕದಲ್ಲಿ ಅಲುಗುವ ಭಾಗವೇ ಇಲ್ಲ, ಬಿದ್ದದ್ದೆಲ್ಲ ಒಳಗೇ ಇರುತ್ತದೆ.

ಹಾಗೆಂದು ಹಳೆಯದು ತಪ್ಪನ್ನೇ ಮಾಡದು ಎಂದಲ್ಲ. ಒಮ್ಮೆ ಗಾಜಿನ ಅಳತೆ ಜಾಡಿ ಒಡೆದು, ಎಂಟು ಇಂಚು ಬಾಯಿಯ ಮಾಪಕದ ಲೆಕ್ಕಕ್ಕೆ ಗುರುತು ಹಾಕಿದ ಜಾಡಿಯನ್ನು ತಂದು ಒಂದು ತಿಂಗಳು ಅದರಲ್ಲೇ ಅಳೆದಿದ್ದೆವು. ಬಿದ್ದ ಮಳೆಯಲ್ಲಿ ಅರ್ಧವೂ ಪುಸ್ತಕಕ್ಕೆ ಏರಿರಲಿಲ್ಲ. ಆ ಪುಟದ ಮೇಲೆ ಅಪ್ಪ ಎಳೆದ ಕೆಂಪು ಗೀಟು ಈಗಲೂ ಇದೆ.

ನನಗೆ ಅತಿ ಹೆಚ್ಚು ತಲೆನೋವು ತಂದದ್ದು ಮಾತ್ರ ಬೇರೆಯೇ. ಹವಾಮಾನ ಇಲಾಖೆಯ ಮಳೆದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ, ನಮ್ಮ ಪುಸ್ತಕದ್ದೂ ಹಾಗೆಯೇ. ಯಂತ್ರವೋ ನಡುರಾತ್ರಿಗೆ ಸೊನ್ನೆಗೆ ಮರಳುತ್ತದೆ. ಬದಲಿಸಲು ಅವಕಾಶವೇ ಇಲ್ಲ. ಬೆಳಿಗ್ಗೆ ಪಕ್ಕದ ತೋಟದವರು ಫೋನ್ ಮಾಡಿ "ನಿಮ್ಮಲ್ಲಿ ಎಷ್ಟಾಯಿತು?" ಎಂದು ಕೇಳಿದರೆ, ಎರಡು ದಿನಗಳ ತುಂಡುಗಳನ್ನು ಕೂಡಿಸಿ, ಮಿಲಿಮೀಟರನ್ನು 25.4ರಿಂದ ಭಾಗಿಸಿ, ಇಂಚು-ಸೆಂಟಿಗೆ (ಇಂಚಿನ ನೂರರಲ್ಲೊಂದು ಪಾಲು ಒಂದು ಸೆಂಟು) ಇಳಿಸುವಷ್ಟರಲ್ಲಿ ಅವರು ಇನ್ನೊಬ್ಬರಿಗೆ ಫೋನ್ ಮಾಡಿರುತ್ತಾರೆ.

ಪರದೆಯ ಮೇಲಿನ ಮುನ್ಸೂಚನೆಯ ಚಿತ್ರಗಳಿಗೆ ನಾನು ಬಟ್ಟೆ ಮುಚ್ಚಿದರೂ ನಷ್ಟವಿಲ್ಲ. ವಾಯುಭಾರ ಇಳಿದರೆ ಮೋಡ, ಏರಿದರೆ ಸೂರ್ಯ, ಇಷ್ಟೇ ಅದರ ಜ್ಞಾನ. ನಮ್ಮ ಕಡೆ ವಾಯುಭಾರ ದಿನಕ್ಕೆ ಎರಡು ಸಲ ತಾನಾಗಿ ಏರಿಳಿಯುತ್ತದೆ: ಬೆಳಿಗ್ಗೆ ಹತ್ತರ ಸುಮಾರಿಗೆ ಏರು, ಮಧ್ಯಾಹ್ನ ನಾಲ್ಕಕ್ಕೆ ಇಳಿತ, ರಾತ್ರಿ ಮತ್ತೆ ಅದೇ. ಹಾಗಾಗಿ ಜನವರಿಯ ಸುಡುಬಿಸಿಲಿನಲ್ಲೂ ಸಂಜೆಗೆ ಮೋಡದ ಚಿತ್ರ. ಆ ಏರಿಳಿತದ ನಕ್ಷೆಯನ್ನು ನೋಡುತ್ತ ಕೂರುವುದು ಬೇರೆ ಸುಖ, ಅದಕ್ಕೆ ಬೇಕಾದರೆ ದುಡ್ಡು ಕೊಡಬಹುದು. ಗಾಳಿಯ ಲೆಕ್ಕ ನಮ್ಮಲ್ಲಿ ಕೆಲಸಕ್ಕೆ ಬಾರದು, ಸುತ್ತ ಗಾಳಿಗೆ ಅಡ್ಡ ನಿಂತ ಸಿಲ್ವರ್ ಮರಗಳಿವೆ. ತೇವಾಂಶ ಜುಲೈ ಪೂರ್ತಿ 99.

ಹಾಗಾದರೆ ಇಟ್ಟುಕೊಂಡದ್ದೇಕೆ? ತಾಮ್ರದ ಮಾಪಕ ಎಷ್ಟು ಎನ್ನುತ್ತದೆ, ಯಾವಾಗ ಎಂದು ಹೇಳುವುದಿಲ್ಲ. ಎರಡು ಇಂಚು ಒಂದೇ ತಾಸಿನಲ್ಲಿ ಬಿದ್ದು ಚರಂಡಿ ಕೊಚ್ಚಿತೋ, ರಾತ್ರಿಯಿಡೀ ಸೋರಿತೋ ಎಂಬುದು ಯಂತ್ರಕ್ಕೆ ಗೊತ್ತು. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆದ ಮೇಲೆ ಎಷ್ಟು ಹೊತ್ತು ಮಳೆ ಬಿಟ್ಟು ಹೊಳವಾಗಿತ್ತು ಎಂದು ನೋಡಿ, ಕೊಳೆರೋಗದ ಭಯಕ್ಕೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರನ್ನು ಮತ್ತೊಮ್ಮೆ ಕರೆಯಬೇಕೇ ಎಂದು ತೀರ್ಮಾನಿಸುತ್ತೇನೆ. ಮೊದಲು ಈ ವಿಷಯದಲ್ಲಿ ಮನೆಯಲ್ಲಿ ಮೂವರಿಗೆ ಮೂರು ನೆನಪು.

ಎರಡನೆಯ ವರ್ಷ, ಕಾಫಿ ಹೂ ಅರಳಿಸುವ ಹೂಮಳೆಯ ದಿನ ಮಾತ್ರ ಯಂತ್ರ ಕೈಕೊಟ್ಟಿತು. ಅಂಗಳದಲ್ಲಿ ನೀರು ಹರಿಯುತ್ತಿದೆ, ಪರದೆಯಲ್ಲಿ ಸೊನ್ನೆ. ಬಿಚ್ಚಿ ನೋಡಿದರೆ ಬಟ್ಟಲಿಗೆ ಜೇಡ ಬಲೆ ಸುತ್ತಿದೆ, ಆಲಿಕೆಯ ತೂತಿನಲ್ಲಿ ಒಣಗಿದ ಎಲೆ. ನಾಲ್ಕು ತಿಂಗಳು ಅತ್ತ ತಲೆ ಹಾಕದಿದ್ದದ್ದು ನನ್ನದೇ ತಪ್ಪು, ಆದರೆ ಒಂದು ಜಾಲರಿ ಕೊಟ್ಟಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಈಗ ಶಿವರಾತ್ರಿ ಮುಗಿದ ಮರುದಿನ ಅದರ ಹೊಟ್ಟೆ ತೊಳೆಯುವ ದಿನ. ಬಿಸಿಲಿನ (ಸೋಲಾರ್) ಹಲಗೆ ಆಷಾಢದಲ್ಲಿ ಕೈಚೆಲ್ಲುತ್ತದೆ, ಬ್ಯಾಟರಿಯನ್ನು ಮೇ ಕೊನೆಯಲ್ಲೇ ಬದಲಿಸಿ.

ಮಾರಿದವರು ಐದಕ್ಕೆ ಎಷ್ಟು ನಕ್ಷತ್ರ ಎಂದು ಕೇಳಿದ್ದಾರೆ. ಅಶ್ವಿನಿ, ಭರಣಿಗಳಲ್ಲಿ ನಾಲ್ಕು. ಪುನರ್ವಸು, ಪುಷ್ಯಗಳಲ್ಲಿ ಎರಡು.