ಇಂಟೇಕ್ ಕಿಟ್‌ಗೆ ಬದಲಿ ಫಿಲ್ಟರ್: ಎಣ್ಣೆಯದ್ದೋ, ಒಣದ್ದೋ, ಸ್ಪಂಜಿನದ್ದೋ?

ಆಫ್ಟರ್‌ಮಾರ್ಕೆಟ್ ಇಂಟೇಕ್ ಕಿಟ್‌ನಲ್ಲಿ, ಅಂದರೆ ಎಂಜಿನ್‌ಗೆ ಗಾಳಿ ಒಯ್ಯಲು ಹೊರಗಿನಿಂದ ಕೊಂಡು ಹಾಕುವ ಜೋಡಣೆಯಲ್ಲಿ, ಪೈಪು, ಬ್ರಾಕೆಟ್ಟು, ಹೀಟ್ ಶೀಲ್ಡು ಎಲ್ಲ ಕಾರು ಇರುವಷ್ಟು ಕಾಲ ಇರುತ್ತವೆ. ಸವೆಯುವುದು ತುದಿಯ ಕೋನ್ ಫಿಲ್ಟರ್. ಅದರ ಆಯುಷ್ಯ ಮುಗಿದಾಗ ಕಿಟ್ ಮಾಡಿದ ಕಂಪನಿಯದ್ದೇ ಬದಲಿ ಫಿಲ್ಟರ್ ಹುಡುಕಲು ಹೋದರೆ ಒಂದೋ ಆ ಮಾದರಿ ನಿಂತುಹೋಗಿರುತ್ತದೆ, ಇಲ್ಲವೇ ಬೆಲೆ ಕೇಳಿ ತಲೆ ಕೆಡುತ್ತದೆ. ನನ್ನ ಕಾರಿನದು 1.5 ಲೀಟರ್ ಪೆಟ್ರೋಲ್ ಎಂಜಿನ್, 3 ಇಂಚಿನ ಇಂಟೇಕ್ ಪೈಪ್, ಫಿಲ್ಟರ್ ದಾಟಿದ ಕೂಡಲೇ ಎಂಎಎಫ್ ಸೆನ್ಸರ್, ಅಂದರೆ ಎಂಜಿನ್‌ಗೆ ಎಷ್ಟು ಗಾಳಿ ಹೋಗುತ್ತಿದೆ ಎಂದು ಅಳೆಯುವ ಸೆನ್ಸರ್. ಅದೇ ಪೈಪಿಗೆ ಕಿಟ್ ಕಂಪನಿಯ ಫಿಲ್ಟರ್, ಹೆಸರಾಂತ ಕಂಪನಿಯ ಎಣ್ಣೆ ಹಚ್ಚಿದ ಹತ್ತಿಯ ಫಿಲ್ಟರ್, ಹೆಸರಿಲ್ಲದ ಅಗ್ಗದ ಕೆಂಪು ಕೋನ್, ಒಣ ಸಿಂಥೆಟಿಕ್, ಸ್ಪಂಜಿನದು, ಹೀಗೆ ಎಲ್ಲವನ್ನೂ ಹಾಕಿ ಓಡಿಸಿ ನೋಡಿದ್ದೇನೆ. ಹಳೆಯದನ್ನೇ ತೊಳೆದು ಮತ್ತೆ ಹಾಕಿದ್ದೂ ಉಂಟು. ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ: ಫಿಲ್ಟರ್ ಹರಿಯದೆ ಗಟ್ಟಿಯಾಗಿದ್ದರೆ ತೊಳೆದು ಹಾಕಿ. ಹೊಸದೇ ಬೇಕೆಂದರೆ, ಪರೀಕ್ಷೆಯ ವಿವರ ಕೊಡುವ ಕಂಪನಿಯ ಒಣ ಯೂನಿವರ್ಸಲ್ ಫಿಲ್ಟರನ್ನು ಅಳತೆ ನೋಡಿ ಕೊಳ್ಳಿ. ಹೆಸರಿಲ್ಲದ್ದನ್ನು ಮಾತ್ರ ಬಿಟ್ಟುಬಿಡಿ.

ದುಡ್ಡು ಉಳಿಯುವ ನಿಜವಾದ ಜಾಗ ಅಳತೆ. ಕಿಟ್ ಮಾಡುವ ಸಣ್ಣ ಕಂಪನಿಗಳು ಎಷ್ಟೋ ಸಲ ಫಿಲ್ಟರನ್ನು ತಾವೇ ತಯಾರಿಸುವುದಿಲ್ಲ. ಬೇರೆಯವರು ಮಾಡಿದ ಕೋನ್ ಮೇಲೆ ತಮ್ಮ ಲೋಗೊ ಅಂಟಿಸಿರುತ್ತಾರೆ. ಹಾಗಾಗಿ ಪಾರ್ಟ್ ನಂಬರ್ ಹಿಡಿದು ಅಲೆಯುವ ಬದಲು ವರ್ನಿಯರ್ ಕ್ಯಾಲಿಪರ್ ಹಿಡಿದು ಬಾನೆಟ್ ಎತ್ತಿದರೆ ಕೆಲಸ ಬೇಗ ಮುಗಿಯುತ್ತದೆ. ಬೇಕಾದದ್ದು ಫಿಲ್ಟರ್ ಬಾಯಿಯ ಒಳವ್ಯಾಸ, ಬುಡದ ವ್ಯಾಸ, ತುದಿಯ ವ್ಯಾಸ, ಎತ್ತರ, ಬಾಯಿ ನೇರವೋ ಓರೆಯೋ ಎಂಬುದು. ಬಾಯಿಯ ಅಳತೆಯನ್ನು ಹಳೆಯ ಫಿಲ್ಟರಿನಿಂದ ತೆಗೆದುಕೊಳ್ಳಬೇಡಿ. ಬಿಸಿಗೆ, ಕ್ಲಾಂಪಿನ ಬಿಗಿತಕ್ಕೆ ರಬ್ಬರ್ ಆಕಾರ ಕಳೆದುಕೊಂಡಿರುತ್ತದೆ. ಲೋಹದ ಅಥವಾ ಪ್ಲಾಸ್ಟಿಕ್ ಪೈಪಿನ ಹೊರವ್ಯಾಸವನ್ನೇ ಅಳೆಯಿರಿ. ಸಾಮಾನ್ಯವಾಗಿ ಸಿಗುವವು 2.5 ಇಂಚು (63.5 ಮಿ.ಮೀ.), 2.75 ಇಂಚು (70 ಮಿ.ಮೀ.), 3 ಇಂಚು (76 ಮಿ.ಮೀ.), 3.5 ಇಂಚು (89 ಮಿ.ಮೀ.) ಮತ್ತು 4 ಇಂಚು (102 ಮಿ.ಮೀ.). ಕೆ ಆಂಡ್ ಎನ್, ಎಇಎಂ ಮುಂತಾದವರು ತಮ್ಮ ಯೂನಿವರ್ಸಲ್ ಫಿಲ್ಟರ್‌ಗಳಿಗೆ ಈ ಅಳತೆಗಳನ್ನೆಲ್ಲ ಕೊಡುತ್ತಾರೆ. ನನ್ನ ಕಿಟ್ ಕಂಪನಿಯ ಫಿಲ್ಟರ್ ಪಕ್ಕದಲ್ಲಿ ಅದೇ ಅಳತೆಯ ಯೂನಿವರ್ಸಲ್ ಒಂದನ್ನು ಇಟ್ಟು ನೋಡಿದಾಗ ಮಡಿಕೆಯ ಆಳ, ಜಾಲರಿ, ರಬ್ಬರ್ ಯಾವುದರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಇದ್ದದ್ದು ಲೋಗೊದಲ್ಲಿ ಮತ್ತು ಬೆಲೆಯಲ್ಲಿ. ಕಿಟ್ ಕಂಪನಿಯ ಫಿಲ್ಟರ್ ಬಗ್ಗೆ ನನಗೆ ಇದಕ್ಕಿಂತ ಹೆಚ್ಚು ಹೇಳುವುದೇನಿಲ್ಲ. ಚೆನ್ನಾಗಿದೆ, ದುಬಾರಿ, ಅಷ್ಟೆ.

ಇನ್ನು ಗಾತ್ರದ ವಿಷಯ. ದೊಡ್ಡ ಫಿಲ್ಟರ್ ಹಾಕಿದರೆ ಗಾಳಿ ಹೆಚ್ಚು, ಪಿಕಪ್ ಹೆಚ್ಚು ಎಂದು ನಂಬಿ ದುಡ್ಡು ಸುರಿಯುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. ಫೋರ್ ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಸಿಸಿಯಷ್ಟು ಗಾಳಿ ಎಳೆದುಕೊಳ್ಳುತ್ತದೆ. ಟರ್ಬೊ ಇಲ್ಲದ 1.5 ಲೀಟರ್ ಎಂಜಿನ್ 6000 ಆರ್‌ಪಿಎಂನಲ್ಲಿ ನಿಮಿಷಕ್ಕೆ ಸುಮಾರು 4500 ಲೀಟರ್ ಗಾಳಿ ಕೇಳುತ್ತದೆ. ಇದಕ್ಕೆ ಎಷ್ಟು ಫಿಲ್ಟರ್ ಬೇಕು? ಕೆ ಆಂಡ್ ಎನ್ ಕೊಡುವ ಸೂತ್ರ ಸರಳ: ಎಂಜಿನ್ ಗಾತ್ರ ಘನ ಇಂಚಿನಲ್ಲಿ, ಅದಕ್ಕೆ ಗರಿಷ್ಠ ಆರ್‌ಪಿಎಂ ಗುಣಿಸಿ, 20,839ರಿಂದ ಭಾಗಿಸಿದರೆ ಬೇಕಾದ ವಿಸ್ತೀರ್ಣ ಚದರ ಇಂಚಿನಲ್ಲಿ ಸಿಗುತ್ತದೆ. 1500 ಸಿಸಿ ಎಂದರೆ ಸುಮಾರು 91.5 ಘನ ಇಂಚು. ಉತ್ತರ 26 ಚದರ ಇಂಚಿನ ಆಸುಪಾಸು. ಬುಡ 6 ಇಂಚು, ತುದಿ 5 ಇಂಚು, ಎತ್ತರ 6 ಇಂಚಿನ ಸಾಧಾರಣ ಕೋನ್‌ನ ಹೊರಮೈಯೇ 100 ಚದರ ಇಂಚು ದಾಟುತ್ತದೆ. ಅಂದರೆ ಇಂಥ ಎಂಜಿನ್‌ಗೆ ಗಾಳಿಯ ಕೊರತೆ ಆಗುವ ಮಾತೇ ಇಲ್ಲ. ಹೆಚ್ಚುವರಿ ವಿಸ್ತೀರ್ಣದ ಲಾಭವೆಂದರೆ ಕಟ್ಟಿಕೊಳ್ಳುವ ಮುನ್ನ ಅದು ಹೆಚ್ಚು ಧೂಳು ಹಿಡಿಯುತ್ತದೆ, ತೊಳೆಯುವ ಕೆಲಸ ತಡವಾಗಿ ಬರುತ್ತದೆ. ಆದ್ದರಿಂದ ಎತ್ತರ ಒಂದು ಇಂಚು ಕಡಿಮೆಯಿದ್ದ ಫಿಲ್ಟರ್ ಅಗ್ಗಕ್ಕೆ ಸಿಕ್ಕರೆ ಧೈರ್ಯವಾಗಿ ಕೊಳ್ಳಿ. ಬಾಯಿ ಎರಡು ಮಿಲಿಮೀಟರ್ ಸಡಿಲವಿದ್ದರೆ ಪುಕ್ಕಟೆ ಕೊಟ್ಟರೂ ಬೇಡ.

ಈ ಸಡಿಲದ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಎಂಎಎಫ್ ಸೆನ್ಸರ್ ಆದ ಮೇಲೆ ಪೈಪಿನಲ್ಲಿ ಎಲ್ಲಾದರೂ ಸೀಳಿದ್ದರೆ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗುತ್ತದೆ, ಐಡ್ಲಿಂಗ್ ಏರುಪೇರಾಗುತ್ತದೆ, ಫ್ಯೂಯಲ್ ಟ್ರಿಮ್ (ಕಾರಿನ ಕಂಪ್ಯೂಟರ್ ಇಂಧನದ ಪ್ರಮಾಣಕ್ಕೆ ಮಾಡುವ ತಿದ್ದುಪಡಿ) ಏರುತ್ತದೆ, ಚೆಕ್ ಎಂಜಿನ್ ದೀಪ ಹೊತ್ತಿದರೂ ಹೊತ್ತೀತು. ಫಿಲ್ಟರ್ ಬಾಯಿಯಲ್ಲಿ ಸಂದಿಯಿದ್ದರೆ ಇದ್ಯಾವುದೂ ಆಗುವುದಿಲ್ಲ. ಆ ಗಾಳಿ ಸೆನ್ಸರ್ ಮುಂದೆಯೇ ಹಾದುಹೋಗುವುದರಿಂದ ಕಂಪ್ಯೂಟರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಕಾರು ಚೆನ್ನಾಗಿ ಓಡುತ್ತದೆ, ಮೈಲೇಜ್ ಕೆಡುವುದಿಲ್ಲ, ದೀಪ ಹೊತ್ತುವುದಿಲ್ಲ. ಸೋಸದ ಧೂಳು ಮಾತ್ರ ಸಿಲಿಂಡರ್ ಗೋಡೆಗೂ ಪಿಸ್ಟನ್ ರಿಂಗಿಗೂ ನಡುವೆ ಉಪ್ಪುಕಾಗದದಂತೆ ಕೆಲಸ ಮಾಡುತ್ತಿರುತ್ತದೆ. ಕಾರು ಎಣ್ಣೆ ಕುಡಿಯತೊಡಗಿದಾಗ ಗೊತ್ತಾದರೆ ಏನು ಪ್ರಯೋಜನ?

ಹೆಸರಿಲ್ಲದ ಕೆಂಪು ಕೋನ್ ಸೋತದ್ದು ಇಲ್ಲಿಯೇ. ನೋಡಲು ಅಂದವಾಗಿತ್ತು, ಮೇಲೆ ಕ್ರೋಮ್ ಟೋಪಿ ಬೇರೆ. ಬಾಯಿ 4 ಇಂಚಿನದು, 3.5, 3 ಇಂಚಿನ ಪೈಪಿಗೆ ಹೊಂದಲೆಂದು ಒಂದರೊಳಗೊಂದು ಕೂರುವ ರಬ್ಬರ್ ಬಳೆಗಳು. ಪ್ರತಿ ಬಳೆಯೂ ಇನ್ನೊಂದು ಸಂದಿಗೆ ಅವಕಾಶ ಎಂಬುದನ್ನು ನೆನಪಿಡಿ. ರಬ್ಬರನ್ನು ಬೆರಳಲ್ಲಿ ಹಿಸುಕಿದರೆ ಒಂದು ಕಡೆ ಮೆತ್ತಗೆ, ಇನ್ನೊಂದು ಕಡೆ ಗಟ್ಟಿ. ಕ್ಲಾಂಪಿನ ತಗಡು ಎಷ್ಟು ತೆಳು ಎಂದರೆ ಬಿಗಿ ಮಾಡುತ್ತಿದ್ದಂತೆ ಸ್ಕ್ರೂ ಹಲ್ಲು ಜಾರಿತು. ಹಳೆಯ ಫಿಲ್ಟರಿನ ಕ್ಲಾಂಪನ್ನೇ ಹಾಕಬೇಕಾಯಿತು. ಕತ್ತಲಲ್ಲಿ ಟಾರ್ಚನ್ನು ಕೋನ್ ಒಳಗೆ ಇಳಿಸಿ ನೋಡಿದೆ. ಹತ್ತಿಯ ಮಡಿಕೆಗಳ ಮೂಲಕ ಸೂಜಿಮೊನೆಯಂಥ ಬೆಳಕು ಕಂಡರೆ ಗಾಬರಿ ಬೇಡ. ಒಳ್ಳೆಯ ಹತ್ತಿ ಫಿಲ್ಟರಿನಲ್ಲೂ ಅದು ಕಾಣುತ್ತದೆ, ಧೂಳನ್ನು ಹಿಡಿಯುವುದು ಎಣ್ಣೆಯಲ್ಲಿ ನೆನೆದ ಎಳೆಗಳು. ಆದರೆ ಮಡಿಕೆ ಮತ್ತು ರಬ್ಬರ್ ಬುಡ ಸೇರುವ ಅಂಚಿನಲ್ಲಿ ಬೆಳಕು ಕಾಣಬಾರದು. ಇದರಲ್ಲಿ ಎರಡು ಮಡಿಕೆಗಳ ಬುಡದಲ್ಲಿ ಅಂಟು ಕೂತಿರಲೇ ಇಲ್ಲ, ಗೆರೆಯಂಥ ಬೆಳಕು ಸ್ಪಷ್ಟವಾಗಿ ಕಂಡಿತು. ಅಂಚಿಗೆ ಸೀಲಂಟ್ ಹಚ್ಚಿ ಸ್ವಲ್ಪ ಕಾಲ ಓಡಿಸಿ, ಎಂಜಿನ್ ಆರಿಸಿ ಫಿಲ್ಟರ್ ಬಿಚ್ಚಿ ಪೈಪಿನ ಒಳಮೈಯನ್ನು ಬಿಳಿ ಬಟ್ಟೆಯಲ್ಲಿ ಒರೆಸಿದೆ. ಬಳೆ ಕೂತ ಜಾಗದಿಂದ ಒಳಕ್ಕೆ ಸಾಗಿದ ಮಣ್ಣಿನ ಬಣ್ಣದ ಗೆರೆ ಬಟ್ಟೆಯ ಮೇಲೆ ಮೂಡಿತು. ಅವತ್ತೇ ತೆಗೆದಿಟ್ಟೆ. ಹೆಸರಿಲ್ಲದವೆಲ್ಲ ಹೀಗೆಯೇ ಎನ್ನಲಾರೆ, ಆದರೆ ಯಾವುದು ಚೆನ್ನಾಗಿದೆ ಎಂದು ಪೆಟ್ಟಿಗೆ ನೋಡಿ ತಿಳಿಯುವ ದಾರಿಯಿಲ್ಲ.

ಈ ಬಿಳಿ ಬಟ್ಟೆಯ ಪರೀಕ್ಷೆ ಯಾವ ಫಿಲ್ಟರ್ ಹಾಕಿದರೂ ಮಾಡಿ. ಹಾಕುವ ಮುಂಚೆ ಪೈಪನ್ನು ಪೂರ್ತಿ ಒರೆಸಿಡಿ, ಇಲ್ಲದಿದ್ದರೆ ಹಳೆಯ ಧೂಳು ಯಾವುದು ಹೊಸದು ಯಾವುದು ತಿಳಿಯುವುದಿಲ್ಲ. ಸೆನ್ಸರ್ ಹತ್ತಿರ ಕೈ ಹಾಕಬೇಡಿ.

ಎಣ್ಣೆ ಹಚ್ಚಿದ ಹತ್ತಿಯ ಫಿಲ್ಟರ್ ಎಂದರೆ ಎಲ್ಲರಿಗೂ ನೆನಪಾಗುವುದು 1969ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಕೆ ಆಂಡ್ ಎನ್. ಇಟಲಿಯ ಬಿಎಂಸಿಯದ್ದೂ ಇದೇ ಜಾತಿ. ಹತ್ತಿಯ ಪದರಗಳನ್ನು ಎರಡೂ ಕಡೆ ತಂತಿ ಜಾಲರಿ ಕೊಟ್ಟು ಮಡಿಕೆ ಮಾಡಿರುತ್ತಾರೆ. ಇದರ ದೊಡ್ಡ ಗುಣ ಬಾಳಿಕೆ. ಕೊಳ್ಳುವಾಗ ಕೈ ಕಚ್ಚಿದರೂ ತೊಳೆದು ತೊಳೆದು ಬಳಸುವುದರಿಂದ ವರ್ಷಗಳ ಲೆಕ್ಕದಲ್ಲಿ ಇದು ಅಗ್ಗವೇ. ಕಷ್ಟ ಇರುವುದು ಎಣ್ಣೆ ಹಚ್ಚುವುದರಲ್ಲಿ. ಎಂಎಎಫ್ ಸೆನ್ಸರಿನೊಳಗೆ ಬಿಸಿಯಾದ ಕೂದಲೆಳೆಯಷ್ಟು ತೆಳುವಾದ ತಂತಿ ಅಥವಾ ಫಿಲ್ಮ್ ಇರುತ್ತದೆ. ಗಾಳಿ ಅದನ್ನು ಎಷ್ಟು ತಣಿಸುತ್ತದೆ ಎಂಬುದರ ಮೇಲೆ ಅಳತೆ. ಎಣ್ಣೆ ಹೆಚ್ಚಾಗಿ ಅದರ ಮೇಲೆ ಕೂತರೆ ಅಳತೆ ತಪ್ಪುತ್ತದೆ. ನಾನು ಕ್ಲೀನರ್ ಹಾಕಿ ನೆನೆಸಿ, ಒಳಗಿನಿಂದ ಹೊರಕ್ಕೆ ಸಣ್ಣಗೆ ನೀರು ಬಿಟ್ಟು, ನೆರಳಲ್ಲಿ ಪೂರ್ತಿ ಒಣಗಿಸಿ, ಪ್ರತಿ ಮಡಿಕೆಯ ಏಣಿನ ಮೇಲೆ ಒಂದೇ ಎಳೆ ಎಣ್ಣೆ ಬಿಟ್ಟು ಕಾಯುತ್ತೇನೆ. ಎಣ್ಣೆ ತಾನಾಗಿ ಹರಡುತ್ತದೆ, ಬಿಳಿ ಉಳಿದ ಕಡೆ ಮಾತ್ರ ಇನ್ನೊಂದು ಹನಿ. ಹೀಗೆ ಮಾಡಿದಾಗ ಸೆನ್ಸರಿಗೆ ಏನೂ ಆಗಲಿಲ್ಲ. ಆದರೆ ಒಣಗುವವರೆಗೆ ಕಾರು ನಿಂತಿರಬೇಕು. ದಿನಾ ಕಾರು ಬೇಕಾದವರಿಗೆ ಇದು ಸಣ್ಣ ತೊಂದರೆ ಅಲ್ಲ. ಪೆಟ್ರೋಲ್‌ನಲ್ಲಿ ತೊಳೆಯುವುದು, ಕಂಪ್ರೆಸರ್ ಗಾಳಿ ಜೋರಾಗಿ ಹೊಡೆಯುವುದು, ಕೈಗೆ ಸಿಕ್ಕ ಎಂಜಿನ್ ಆಯಿಲ್ ಹಚ್ಚುವುದು, ಈ ಮೂರೂ ಬೇಡ.

ಒಣ ಸಿಂಥೆಟಿಕ್ ಫಿಲ್ಟರಿನಲ್ಲಿ ಈ ರಗಳೆಯೇ ಇಲ್ಲ. ಎಇಎಂನ ಡ್ರೈಫ್ಲೋ, ಎಎಫ್‌ಇಯ ಪ್ರೊ ಡ್ರೈ ಎಸ್ ಈ ಬಗೆಯವು. ಎಳೆಗಳೇ ಧೂಳು ಹಿಡಿಯುತ್ತವೆ, ಎಣ್ಣೆ ಬೇಕಿಲ್ಲ. ನಾನು ಬಳಸಿದ್ದರ ಬಾಯಿ ನೇರವಾಗಿ 3 ಇಂಚಿನದೇ ಆದ್ದರಿಂದ ಬಳೆಗಳ ಗೊಡವೆಯೂ ಇರಲಿಲ್ಲ. ಬಿಳಿ ಬಟ್ಟೆ ಬಿಳಿಯಾಗಿಯೇ ಹೊರಬಂತು. ಎಂಜಿನ್ ಬಿಸಿಯಾದ ಮೇಲೆ ಕಾರಿನ ಕಂಪ್ಯೂಟರಿನ ಅಂಕಿಗಳನ್ನು ತೋರಿಸುವ ಒಬಿಡಿ ರೀಡರಿನಲ್ಲಿ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ ನೋಡಿದರೆ ಮೊದಲಿದ್ದ ಜಾಗದಲ್ಲೇ ಇತ್ತು. ಇದನ್ನು ನೋಡುವುದು ಯಾಕೆಂದರೆ, ಸೆನ್ಸರ್ ಫಿಲ್ಟರಿಗೆ ತೀರ ಹತ್ತಿರವಿದ್ದಾಗ ಫಿಲ್ಟರಿನ ಆಕಾರ ಬದಲಾದರೆ ಗಾಳಿ ಸುಳಿ ಸುತ್ತಿ ಅಳತೆ ಪಲ್ಲಟವಾಗುವುದುಂಟು. ಬಿಡಿಸಿ ಮೆಲ್ಲಗೆ ತಟ್ಟಿ, ಒಳಗಿನಿಂದ ಕಡಿಮೆ ಒತ್ತಡದ ಗಾಳಿ ಬಿಟ್ಟರೆ ಒಣ ಧೂಳು ಬಹುಪಾಲು ಉದುರುತ್ತದೆ. ನೀರಲ್ಲಿ ತೊಳೆಯಬಹುದೋ ಇಲ್ಲವೋ ಎಂಬುದು ಮಾಡೆಲಿನಿಂದ ಮಾಡೆಲಿಗೆ ಬೇರೆ, ಕೆಲವು ಒಣ ಫಿಲ್ಟರ್‌ಗಳು ಬಳಸಿ ಎಸೆಯುವಂಥವು. ಕೊಳ್ಳುವ ಮುಂಚೆ ಇದೊಂದು ಸಾಲು ಓದಿಕೊಳ್ಳಿ. ಎಸೆಯುವಂಥದ್ದು ಇಂದು ಅಗ್ಗ, ಮುಂದೆ ಅಲ್ಲ.

ಪೆಟ್ಟಿಗೆಯ ಮೇಲಿನ ಶೇಕಡಾ 98, 99 ಎಂಬ ಅಂಕಿಗಳನ್ನು ಹೋಲಿಸುವಾಗ ಹುಷಾರು. ಎಂಜಿನ್ ಏರ್ ಫಿಲ್ಟರ್ ಪರೀಕ್ಷೆಗೆ ಐಎಸ್‌ಒ 5011 ಎಂಬ ಮಾನದಂಡವಿದೆ. ಆದರೆ ಆ ಪರೀಕ್ಷೆಗೆ ಬಳಸುವ ಧೂಳಿನಲ್ಲಿ ದಪ್ಪನೆಯದೂ ಉಂಟು, ನಯವಾದದ್ದೂ ಉಂಟು. ದಪ್ಪ ಧೂಳು ಹಾಕಿ ಬಂದ ಅಂಕಿ ಸಹಜವಾಗಿಯೇ ಚೆನ್ನಾಗಿರುತ್ತದೆ. ಒಂದು ಕಂಪನಿಯ ದಪ್ಪ ಧೂಳಿನ ಅಂಕಿಯನ್ನು ಇನ್ನೊಂದರ ನಯ ಧೂಳಿನ ಅಂಕಿಯ ಪಕ್ಕ ಇಟ್ಟರೆ ಹೋಲಿಕೆಯೇ ಆಗುವುದಿಲ್ಲ. ಯಾವ ಧೂಳು ಎಂದು ಹೇಳದ ಅಂಕಿಯನ್ನು ನಾನು ಓದುವುದೇ ಇಲ್ಲ.

ಸ್ಪಂಜಿನದು, ಅಂದರೆ ಪೈಪರ್‌ಕ್ರಾಸ್, ಐಟಿಜಿ ಮಾಡುವಂಥ ಫೋಮ್ ಫಿಲ್ಟರ್, ಹೊಸದರಲ್ಲಿ ನನಗೆ ಇಷ್ಟವಾಯಿತು. ಮಡಿಕೆ ಬಿಡುವ ಭಯವಿಲ್ಲ, ಆಕ್ಸಿಲರೇಟರ್ ಒತ್ತಿದಾಗ ಇಂಟೇಕ್ ಸದ್ದು ನನ್ನ ಕಿವಿಗೆ ಇದರಲ್ಲೇ ಹಿತ. ಪದರ ಪದರವಾಗಿ ಆಳದವರೆಗೂ ಧೂಳು ಹಿಡಿಯುತ್ತದೆ. ಆದರೆ ಪಾಲಿಯುರೆಥೇನ್ ಫೋಮ್ ವಯಸ್ಸಾದಂತೆ, ಅದರಲ್ಲೂ ಬಾನೆಟ್ ಒಳಗಿನ ಬಿಸಿ ಮತ್ತು ತೇವಕ್ಕೆ, ಪುಡಿಯಾಗುವ ವಸ್ತು. ಹಿಸುಕಿದಾಗ ಬೆರಳಿಗೆ ಪುಡಿ ಅಂಟಿತು ಎಂದರೆ ಆ ಪುಡಿ ಎಂಜಿನ್ ಕಡೆಗೂ ಹೋಗುತ್ತಿದೆ ಎಂದೇ ಅರ್ಥ. ತಪ್ಪದೆ ಪರೀಕ್ಷಿಸುವ ಶ್ರದ್ಧೆ ಇರುವವರಿಗೆ ಸರಿ. ಹಾಕಿ ಮರೆಯುವವರಿಗೆ ನಾನು ಹೇಳಲಾರೆ.

ಹಳೆಯದನ್ನು ತೊಳೆದು ಹಾಕುವುದು ಎಲ್ಲಕ್ಕಿಂತ ಅಗ್ಗ ಎಂದು ಬೇರೆ ಹೇಳಬೇಕಿಲ್ಲ. ಬಾಯಿಯ ರಬ್ಬರನ್ನು ಒತ್ತಿ ಬಿಟ್ಟರೆ ಹಿಂದಕ್ಕೆ ಪುಟಿಯಬೇಕು, ಜಾಲರಿಯ ತಂತಿ ತುಂಡಾಗಿರಬಾರದು, ಟಾರ್ಚ್ ಪರೀಕ್ಷೆಯಲ್ಲಿ ಅಂಚು ಪಾಸಾಗಬೇಕು. ಇವು ಸರಿಯಿದ್ದರೆ ಬಣ್ಣ ಮಾಸಿದೆ ಎಂದು ಎಸೆಯಬೇಡಿ. ಮೇಲೊಂದು ಪ್ರೀ-ಫಿಲ್ಟರ್ ಕಾಲುಚೀಲ ತೊಡಿಸಿದರೆ ತೊಳೆಯುವ ಸರದಿ ಇನ್ನೂ ದೂರ ಹೋಗುತ್ತದೆ. ಅದು ಮಳೆಹನಿಯನ್ನೂ ತಡೆಯುತ್ತದೆ, ಆದರೆ ಫಿಲ್ಟರ್ ಬಂಪರ್ ಕೆಳಗಿರುವ ಕೋಲ್ಡ್ ಏರ್ ಇಂಟೇಕ್‌ನವರು ಅದನ್ನು ನಂಬಿ ನಿಂತ ನೀರಿಗೆ ಇಳಿಯಬಾರದು. ಫಿಲ್ಟರ್ ನೀರಲ್ಲಿ ಮುಳುಗಿದರೆ ಎಂಜಿನ್ ನೀರನ್ನೇ ಎಳೆದುಕೊಳ್ಳುತ್ತದೆ, ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಟರ್ಬೊ ಕಾರಿನವರು ಇನ್ನೂ ಒಂದು ಹೆಜ್ಜೆ ಬಿಗಿಯಾಗಿರಬೇಕು. ಫಿಲ್ಟರ್ ದಾಟಿದ ಗಾಳಿ ಮೊದಲು ಎದುರಾಗುವುದು ಟರ್ಬೊದ ಕಂಪ್ರೆಸರ್ ಚಕ್ರಕ್ಕೆ, ಅದು ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುತ್ತದೆ. ಕಳಚಿದ ಜಾಲರಿ ತಂತಿಯ ತುಂಡೊಂದು ಸಾಕು, ಚಕ್ರದ ರೆಕ್ಕೆ ಹಾಳಾಗಲು. ಅಂಥ ಕಾರಿಗೆ ಹೆಸರಿಲ್ಲದ ಕೋನ್ ಆಗಲಿ ಹಳೆಯ ಸ್ಪಂಜಾಗಲಿ ಬೇಡವೇ ಬೇಡ. ಅಳತೆಗೆ ಸರಿಯಾಗಿ ಕೂರುವ ಒಣ ಫಿಲ್ಟರ್ ಸಿಗದಿದ್ದರೆ, ಅದು ಸಿಗುವವರೆಗೆ ಕಾರು ಕಂಪನಿ ಕೊಟ್ಟ ಮೂಲ ಏರ್ ಬಾಕ್ಸನ್ನೇ ಕಾಗದದ ಫಿಲ್ಟರ್ ಸಮೇತ ವಾಪಸ್ ಕೂರಿಸಿ ಓಡಿಸಿ. ಧೂಳು ಹಿಡಿಯುವುದರಲ್ಲಿ ಅದು ಯಾವ ಕೋನ್‌ಗೂ ತಲೆ ತಗ್ಗಿಸಬೇಕಿಲ್ಲ.