ಮೂರೂವರೆ ವರ್ಷ ಬಿಟ್‌ವಾರ್ಡನ್ ಬಳಸಿದ ಮೇಲೆ: ಆ ಸಣ್ಣ ಅಂಕಿ ಕಾಣದಿದ್ದರೆ ಪಾಸ್‌ವರ್ಡ್ ಹಾಕಬೇಡಿ

ನಾನು ಬಳ್ಳಾರಿಯಲ್ಲಿ ಆರು ಜೀನ್ಸ್ ಯೂನಿಟ್‌ಗಳ ಲೆಕ್ಕ ಬರೆಯುತ್ತೇನೆ. ಅದರಲ್ಲಿ ಒಂದು ನಮ್ಮ ಭಾವನದು, ಕೌಲ್‌ಬಜಾರ್‌ನಲ್ಲಿದೆ, ಹದಿನಾಲ್ಕು ಮಷಿನ್ ಇವೆ. ಜಿಎಸ್‌ಟಿ, ಇ-ವೇ ಬಿಲ್, ಬ್ಯಾಂಕು, ಕೊರಿಯರ್, ಜೆಸ್ಕಾಂ ಬಿಲ್ಲು, ಎಲ್ಲದರ ಲಾಗಿನ್ ನನ್ನ ಹತ್ತಿರವೇ ಇರುತ್ತೆ. 2022ರ ಜೂನ್‌ನಿಂದ ಇವನ್ನೆಲ್ಲ ಬಿಟ್‌ವಾರ್ಡನ್ ಅನ್ನೋ ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ ಇಟ್ಟಿದ್ದೇನೆ. ಉಚಿತ ಪ್ಲಾನ್, ಒಂದು ರೂಪಾಯಿ ಕೊಟ್ಟಿಲ್ಲ. ಪಾಸ್‌ವರ್ಡ್ ನೆನಪಿಟ್ಟುಕೊಳ್ಳುತ್ತೆ ಅಂತ ಹೊಗಳೋಕೆ ಇದನ್ನು ಬರೀತಿಲ್ಲ. ಆ ಕೆಲಸ ಡೈರಿನೂ ಮಾಡುತ್ತೆ. ಕಳ್ಳ ಸೈಟು ಎದುರಿಗೆ ಬಂದಾಗ ಇದು ಸುಮ್ಮನಾಗಿಬಿಡುತ್ತಲ್ಲ, ಅದರ ಬಗ್ಗೆ ಹೇಳಬೇಕು.

ಮೊದಲು ಯಾಕೆ ಶುರು ಮಾಡಿದೆ ಅಂತ ಹೇಳಿಬಿಡ್ತೀನಿ. 2022ರ ಮಾರ್ಚ್‌ನಲ್ಲಿ ಭಾವನಿಗೆ ಒಂದು ಮೇಲ್ ಬಂತು. ನಿಮ್ಮ ಮೇಲ್‌ಬಾಕ್ಸ್ ತುಂಬಿದೆ, 24 ಗಂಟೆಯೊಳಗೆ ಬಂದ್ ಆಗುತ್ತೆ, ಇಲ್ಲಿ ಲಾಗಿನ್ ಆಗಿ ಅಂತ. ಹಣಕಾಸು ವರ್ಷದ ಕೊನೆ, ಬಿಲ್ ಮೇಲೆ ಬಿಲ್ ಕಳಿಸೋ ಹೊತ್ತು, ಈಗ ಮೇಲ್ ನಿಂತರೆ ಗತಿಯೇನು ಅಂತ ಭಾವ ಪಾಸ್‌ವರ್ಡ್ ಹಾಕಿಬಿಟ್ಟರು. ಏನೂ ಆಗಲಿಲ್ಲ. ಮೇಲ್ ಎಂದಿನ ಹಾಗೇ ನಡೀತಿತ್ತು. ಒಳಗೆ ಬಂದವರು ಸದ್ದಿಲ್ಲದೆ ಕೂತು ಓದುತ್ತಿದ್ದರು. ಸೋಲಾಪುರದ ಒಬ್ಬ ವ್ಯಾಪಾರಿಗೆ ನಾವು ಕಳಿಸಿದ್ದ ಬಿಲ್ಲನ್ನೇ ತೆಗೆದುಕೊಂಡು, ಬ್ಯಾಂಕ್ ಖಾತೆ ನಂಬರ್ ಮಾತ್ರ ಬದಲಾಯಿಸಿ, ಹಳೇ ಖಾತೆ ಆಡಿಟ್‌ನಲ್ಲಿದೆ ಇದಕ್ಕೆ ಹಾಕಿ ಅಂತ ಭಾವನ ಮೇಲ್‌ನಿಂದಲೇ ಕಳಿಸಿದರು. ಆ ವ್ಯಾಪಾರಿ ನಂಬಿ 1,86,000 ರೂಪಾಯಿ ಹಾಕಿದರು. ನಮಗೆ ಗೊತ್ತಾಗಿದ್ದು 19 ದಿನ ಆದ ಮೇಲೆ, ಬಾಕಿ ಕೇಳೋಕೆ ಫೋನ್ ಮಾಡಿದಾಗ.

ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿದೆವು, ಸೈಬರ್ ಠಾಣೆಗೂ ಹೋದೆವು. ಅಷ್ಟರಲ್ಲಿ ಆ ಖಾತೆಯಿಂದ ದುಡ್ಡು ಎತ್ತಿಯಾಗಿತ್ತು. 1930 ಸಹಾಯವಾಣಿ ದುಡ್ಡು ಹೋದ ಕೂಡಲೇ ಫೋನ್ ಮಾಡಿದರೆ ಬಹಳ ಉಪಯೋಗ, ದುಡ್ಡು ಮುಂದಿನ ಖಾತೆಗೆ ಹಾರೋ ಮುಂಚೆ ತಡೆಹಿಡಿಯೋಕೆ ಆಗುತ್ತೆ. 19 ದಿನ ಕಳೆದ ಮೇಲೆ ಯಾರು ತಾನೆ ಏನು ಮಾಡ್ತಾರೆ.

ಇನ್ನೊಂದು ವಿಷಯ ಇವತ್ತಿಗೂ ಮೈ ಜುಂ ಅನ್ನಿಸುತ್ತೆ. ಗೊತ್ತಾದ ದಿನವೇ ಪಾಸ್‌ವರ್ಡ್ ಬದಲಾಯಿಸಿದ್ದೆವು, ಸಮಾಧಾನವಾಗಿದ್ದೆವು. ಎರಡು ದಿನ ಬಿಟ್ಟು ಜಿಮೇಲ್ ಸೆಟ್ಟಿಂಗ್ಸ್ ಒಳಗೆ ಫಿಲ್ಟರ್ಸ್ ಅನ್ನೋ ಜಾಗ ತೆರೆದು ನೋಡಿದೆ. ಒಂದು ಸಾಲು ಇತ್ತು. ಸೋಲಾಪುರದ ಆ ವಿಳಾಸದಿಂದ ಬಂದ ಮೇಲ್ ಎಲ್ಲ ಇನ್ಯಾವುದೋ ವಿಳಾಸಕ್ಕೆ ಫಾರ್ವರ್ಡ್ ಆಗಬೇಕು, ಇಲ್ಲಿ ಡಿಲೀಟ್ ಆಗಬೇಕು. ಪಾಸ್‌ವರ್ಡ್ ಬದಲಾಯಿಸಿದರೂ ಆ ಫಿಲ್ಟರ್ ತನ್ನ ಪಾಡಿಗೆ ಕೆಲಸ ಮಾಡ್ತಾನೇ ಇತ್ತು. ಅದಕ್ಕೇ ಆ ವ್ಯಾಪಾರಿ ಬರೆದ ಒಂದು ಮೇಲೂ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ನಿಮ್ಮ ಮೇಲ್‌ಗೆ ಯಾರಾದರೂ ಕೈ ಹಾಕಿದ್ದಾರೆ ಅಂತ ಅನುಮಾನ ಬಂದರೆ ಪಾಸ್‌ವರ್ಡ್ ಜೊತೆಗೆ ಫಿಲ್ಟರ್, ಫಾರ್ವರ್ಡಿಂಗ್, ರಿಕವರಿ ಫೋನ್ ನಂಬರ್, ಲಾಗಿನ್ ಆಗಿರೋ ಸಾಧನಗಳ ಪಟ್ಟಿ, ಇಷ್ಟೂ ನೋಡಿ. ದಯವಿಟ್ಟು ನೋಡಿ.

ಭಾವನ ಅದೇ ಪಾಸ್‌ವರ್ಡ್ ಇನ್ನೂ ಹನ್ನೊಂದು ಕಡೆ ಇತ್ತು. ಯೂನಿಟ್ ಹೆಸರು, ಮುಂದೆ 123. ಹಾಗಾಗಿ ಬಿಟ್‌ವಾರ್ಡನ್.

ಶುರುವಿನ ತಿಂಗಳು ಸುಲಭ ಇರಲಿಲ್ಲ. ಆರು ಯೂನಿಟ್ ಸೇರಿ 74 ಖಾತೆ ಆದವು, ಮೂರು ಭಾನುವಾರ ಹಿಡಿಯಿತು. ಪ್ರತಿ ಸೈಟಿಗೂ ಹೋಗಿ ಹಳೇದನ್ನು ತೆಗೆದು, ಬಿಟ್‌ವಾರ್ಡನ್ ಹುಟ್ಟಿಸಿಕೊಟ್ಟ ಉದ್ದನೆ ಪಾಸ್‌ವರ್ಡ್ ಹಾಕಬೇಕು. ಕೆಲವು ಸೈಟುಗಳು ಉದ್ದದ ಪಾಸ್‌ವರ್ಡ್ ತೆಗೆದುಕೊಳ್ಳಲ್ಲ, ಕೆಲವು ಪೇಸ್ಟ್ ಮಾಡೋಕೇ ಬಿಡಲ್ಲ. ಭಾವನಿಗೆ ಇದು ಸೇರಲೇ ಇಲ್ಲ. "ಅಲ್ಲವ್ವಾ, ಎಲ್ಲಾ ತಂದು ಒಂದ್ ಕಡೆ ಇಟ್ರೆ, ಅದನ್ನ ಹೊಡ್ಕೊಂಡು ಹೋದ್ರೆ ಏನ್ ಮಾಡ್ತಿ?" ಅಂದರು. ಸರಿಯಾದ ಪ್ರಶ್ನೆನೇ. ಅದೇ 2022ರಲ್ಲಿ ಲಾಸ್ಟ್‌ಪಾಸ್ ಅನ್ನೋ ಬೇರೆ ಮ್ಯಾನೇಜರ್‌ನ ಗ್ರಾಹಕರ ವಾಲ್ಟ್‌ಗಳ (ಪಾಸ್‌ವರ್ಡ್ ಎಲ್ಲ ಇಡೋ ತಿಜೋರಿ) ಬ್ಯಾಕಪ್ ಪ್ರತಿಗಳನ್ನು ಕಳ್ಳರು ನಕಲು ಮಾಡಿಕೊಂಡು ಹೋದರು. ಅದರಲ್ಲಿದ್ದ ಪಾಸ್‌ವರ್ಡ್‌ಗಳಿಗೆ ಬೀಗ ಹಾಕಿತ್ತು, ಆದರೆ ಯಾರ ಮಾಸ್ಟರ್ ಪಾಸ್‌ವರ್ಡ್, ಅಂದರೆ ವಾಲ್ಟ್ ತೆರೆಯೋ ಪಾಸ್‌ವರ್ಡ್, ಸಣ್ಣದೋ ಅವರ ಬೀಗ ಒಡೆಯೋದು ಸಲೀಸು. ಇಂಥ ಮ್ಯಾನೇಜರ್‌ಗಳಲ್ಲಿ ಎಲ್ಲವೂ ನಿಂತಿರೋದು ಆ ಒಂದು ಮಾಸ್ಟರ್ ಪಾಸ್‌ವರ್ಡ್ ಮೇಲೆ. ನಾನು ಒಂದಕ್ಕೊಂದು ಸಂಬಂಧ ಇಲ್ಲದ ಆರು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಮಾಡಿಕೊಂಡೆ. ಊರ ಹೆಸರಿಲ್ಲ, ಮಕ್ಕಳ ಹೆಸರಿಲ್ಲ, ಹುಟ್ಟಿದ ದಿನ ಇಲ್ಲ. ಒಂದು ಚೀಟಿಯಲ್ಲಿ ಬರೆದು ಮನೆ ಪತ್ರಗಳ ಜೊತೆ ಬೀರುವಿನಲ್ಲಿಟ್ಟೆ. ಮರೆತರೆ ಕಂಪನಿಯವರೂ ತೆಗೆದುಕೊಡೋಕೆ ಆಗಲ್ಲ, ಬಾಗಿಲು ತೆರೆಯೋ ಬೀಗದ ಕೈ ಅವರ ಹತ್ತಿರ ಇರೋದೇ ಇಲ್ಲ.

ಈಗ ಆ ಅಂಕಿ ವಿಷಯ.

ಬ್ರೌಸರ್‌ನಲ್ಲಿ ಮೇಲೆ ಬಿಟ್‌ವಾರ್ಡನ್ ಗುರುತು ಇರುತ್ತೆ. ನೀವು ತೆರೆದಿರೋ ಸೈಟಿನ ಪಾಸ್‌ವರ್ಡ್ ನಿಮ್ಮ ವಾಲ್ಟ್‌ನಲ್ಲಿದ್ದರೆ ಆ ಗುರುತಿನ ಮೂಲೆಯಲ್ಲಿ ಸಣ್ಣದಾಗಿ 1 ಅಂತ ಬರುತ್ತೆ, ಎರಡು ಖಾತೆ ಇದ್ದರೆ 2. ಅದು ನೋಡೋದು ಸೈಟಿನ ವಿಳಾಸವನ್ನು ಮಾತ್ರ. ಬಣ್ಣ, ಲೋಗೋ, ಅಶೋಕ ಸ್ತಂಭದ ಚಿತ್ರ, ಯಾವುದಕ್ಕೂ ಅದು ಮರುಳಾಗಲ್ಲ. ನಮ್ಮ ಕಣ್ಣು ಮರುಳಾಗುತ್ತೆ.

2024ರ ಜುಲೈ, ರಿಟರ್ನ್ಸ್ ಸೀಸನ್. ಬಳ್ಳಾರಿಯಲ್ಲಿ ಬೆಳಗ್ಗೆಯಿಂದ ಕರೆಂಟ್ ಹೋಗಿ ಬಂದು ಮಾಡ್ತಿತ್ತು, ತಲೆ ಬಿಸಿ. ನಮ್ಮ ಒಬ್ಬ ಕಕ್ಷಿದಾರರ ಮೇಲ್‌ಗೆ ಆದಾಯ ತೆರಿಗೆ ರಿಫಂಡ್ ಮಂಜೂರಾಗಿದೆ, ಖಾತೆ ಖಚಿತಪಡಿಸಿ ಅಂತ ಬಂತು. ಅವರಿಗೆ ನಿಜವಾಗಲೂ ರಿಫಂಡ್ ಬರಬೇಕಿತ್ತು. ಹಾಗಾಗಿ ನಾನೇ ಒತ್ತಿದೆ. ತೆರೆದ ಪುಟ ಇ-ಫೈಲಿಂಗ್ ಪೋರ್ಟಲ್‌ನದ್ದೇ ಅಚ್ಚು, ಮೇಲೆ ಓಡೋ ಸೂಚನೆಗಳ ಪಟ್ಟಿ ಕೂಡ ಇತ್ತು. ಪ್ಯಾನ್ ನಂಬರ್ ಟೈಪ್ ಮಾಡಿಯೂ ಆಗಿತ್ತು. ಪಾಸ್‌ವರ್ಡ್ ತುಂಬಿಸೋಕೆ ಮೇಲೆ ನೋಡಿದರೆ ಅಂಕಿ ಇಲ್ಲ. ಗುರುತು ಬರೀ ಇದೆ. ದಿನಾ ನೂರು ಸಲ ನೋಡೋ 1 ಅಲ್ಲಿಲ್ಲ.

ಕೈ ಅಲ್ಲೇ ನಿಂತಿತು. ಆಮೇಲೆ ವಿಳಾಸ ಓದಿದೆ. ನಿಜವಾದದ್ದು ಇನ್‌ಕಮ್‌ಟ್ಯಾಕ್ಸ್ ಡಾಟ್ ಗವ್ ಡಾಟ್ ಇನ್, ಅಷ್ಟಕ್ಕೇ ಮುಗಿಯುತ್ತೆ. ಇದರಲ್ಲೂ ಅಷ್ಟೂ ಇತ್ತು, ಆದರೆ ಆ ಇನ್ ಆದ ಮೇಲೆ ಒಂದು ಅಡ್ಡಗೆರೆ (ಹೈಫನ್), ರಿಫಂಡ್ ಅನ್ನೋ ಪದ, ಆಮೇಲೆ ಡಾಟ್ ಕಾಮ್. ವಿಳಾಸವನ್ನು ನಾವು ಎಡಗಡೆಯಿಂದ ಓದುತ್ತೇವೆ, ಗೊತ್ತಿರೋ ಹೆಸರು ಕಂಡ ಕೂಡಲೇ ನಿಲ್ಲಿಸಿಬಿಡ್ತೇವೆ. ಯಜಮಾನ ಯಾರು ಅಂತ ಗೊತ್ತಾಗೋದು ಬಲಗಡೆಯಿಂದ. ಮೊದಲನೇ ಒಂಟಿ ಸ್ಲ್ಯಾಶ್ ಎಲ್ಲಿದೆ ನೋಡಿ, ಅದರ ಹಿಂದಿನ ಕೊನೆಯ ತುಂಡುಗಳನ್ನು ಓದಿ. ಅಲ್ಲಿ ಇದ್ದದ್ದು ಡಾಟ್ ಕಾಮ್, ಸರ್ಕಾರದ್ದಲ್ಲ. ಎಡಗಡೆ ಇರೋದನ್ನೆಲ್ಲ ಯಾರು ಬೇಕಾದರೂ ಇಷ್ಟ ಬಂದ ಹಾಗೆ ಬರೆದುಕೊಳ್ಳಬಹುದು. ಇದು ನನಗೆ ಮೊದಲೇ ಗೊತ್ತಿತ್ತು, ಬೇರೆಯವರಿಗೆ ಹೇಳಿಕೊಟ್ಟೂ ಇದ್ದೆ. ಆದರೂ ಆ ದಿನ ವಿಳಾಸ ನೋಡಿರಲಿಲ್ಲ. ದಣಿದಾಗ ನೋಡಲ್ಲ, ಅದೇ ಸಮಸ್ಯೆ. ಯಂತ್ರ ದಣಿಯಲ್ಲ.

ಆದರೆ ಅಂಕಿ ಇಲ್ಲ ಅಂದ ಕೂಡಲೇ ಸೈಟು ಕಳ್ಳರದ್ದು ಅಂತಲೂ ಅಲ್ಲ. ರಿಸರ್ವ್ ಬ್ಯಾಂಕ್ 2025ರಲ್ಲಿ ಎಲ್ಲ ಬ್ಯಾಂಕ್‌ಗಳಿಗೂ ಅಕ್ಟೋಬರ್ 31ರೊಳಗೆ ತಮ್ಮ ಸೈಟನ್ನು ಬ್ಯಾಂಕ್ ಡಾಟ್ ಇನ್ ಅಂತ ಮುಗಿಯೋ ವಿಳಾಸಕ್ಕೆ ಬದಲಾಯಿಸಿ ಅಂತ ಹೇಳಿತ್ತು. ಈ ವಿಳಾಸ ಬ್ಯಾಂಕ್‌ಗಳಿಗೆ ಬಿಟ್ಟು ಬೇರೆಯವರಿಗೆ ಸಿಗಲ್ಲ, ಒಳ್ಳೆ ಕೆಲಸ ಅದು. ನಮ್ಮ ಒಂದು ಬ್ಯಾಂಕ್ ಬದಲಾದ ದಿನ ಬಿಟ್‌ವಾರ್ಡನ್ ಸುಮ್ಮನಾಯಿತು. ಹಳೇ ವಿಳಾಸ ಹಾಕಿದರೆ ಹೊಸದಕ್ಕೆ ಒಯ್ಯುತ್ತೆ, ಅಲ್ಲಿ ಅಂಕಿ ಬರಲ್ಲ. ಅವತ್ತು ಕಾಪಿ ಮಾಡಿ ಪೇಸ್ಟ್ ಮಾಡೋಣ ಅಂತ ಕೈ ಹೋಗಿತ್ತು, ಸಂಬಳದ ದಿನ ಬೇರೆ. ಮಾಡಲಿಲ್ಲ. ಶಾಖೆಗೆ ಹೋದೆ, ಪಾಸ್‌ಬುಕ್ ಎಂಟ್ರಿನೂ ಮಾಡಿಸೋದಿತ್ತು, ಕೌಂಟರ್‌ನಲ್ಲಿ ಹೊಸ ವಿಳಾಸ ಕೇಳಿ ಚೀಟಿಯಲ್ಲಿ ಬರೆಸಿಕೊಂಡು ಬಂದೆ. ಅಕ್ಷರ ಅಕ್ಷರ ಹೋಲಿಸಿ ನೋಡಿ, ಬಿಟ್‌ವಾರ್ಡನ್‌ನಲ್ಲಿ ಆ ಖಾತೆಗೆ ಎರಡನೇ ವಿಳಾಸ ಅಂತ ಸೇರಿಸಿದೆ. ಸಂಬಳ ಎರಡು ಗಂಟೆ ತಡವಾಯಿತು. ಪರವಾಗಿಲ್ಲ.

ಅಂಕಿ ಬರದಾಗ ಕಾಪಿ-ಪೇಸ್ಟ್ ಮಾಡಿದಿರೋ, ಮ್ಯಾನೇಜರ್ ಇದ್ದೂ ಇಲ್ಲದ ಹಾಗೆ. ಇದನ್ನು ನಾನು ಯೂನಿಟ್‌ನ ಹುಡುಗರಿಗೆ ಮತ್ತೆ ಮತ್ತೆ ಹೇಳ್ತೀನಿ.

ಬಿಟ್‌ವಾರ್ಡನ್‌ಗೆ ಆಗದ ಕೆಲಸಗಳೂ ಇವೆ. ಫೋನ್‌ಗೆ ಮದುವೆ ಕರೆಯೋಲೆ ಅಂತ ಎಪಿಕೆ ಫೈಲ್ (ಆಪ್ ಇನ್‌ಸ್ಟಾಲ್ ಮಾಡೋ ಫೈಲ್) ಬಂದು, ನೀವು ಅದನ್ನು ಇನ್‌ಸ್ಟಾಲ್ ಮಾಡಿಕೊಂಡರೆ ಇದು ತಡೆಯಲ್ಲ. ಫೋನ್ ಮಾಡಿ ಒಟಿಪಿ ಕೇಳೋರನ್ನೂ ತಡೆಯಲ್ಲ. ಒಟಿಪಿ ಇದ್ದರೆ ಸಾಕು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಕಳ್ಳ ಪುಟದಲ್ಲಿ ನೀವು ಹಾಕಿದ ಒಟಿಪಿಯನ್ನು ಅವರು ಅದೇ ನಿಮಿಷದಲ್ಲಿ ನಿಜವಾದ ಸೈಟಿಗೆ ಹಾಕಿ ಒಳಗೆ ಹೋಗ್ತಾರೆ. ಅದಕ್ಕೇ ಬಿಲ್ ಹೋಗಿ ಬರೋ ಮೇಲ್ ಖಾತೆಗೆ ಮಾತ್ರ ನಾನು ಸೆಕ್ಯುರಿಟಿ ಕೀ ತಂದೆ. ಪೆನ್‌ಡ್ರೈವ್ ಥರ ಇರುತ್ತೆ, ಒಂದಕ್ಕೆ ಸುಮಾರು 3,000 ರೂಪಾಯಿ ಕೊಟ್ಟೆ. ಎರಡು ಬೇಕು, ಒಂದು ಕಳೆದರೆ ಇನ್ನೊಂದು. ಇದೂ ವಿಳಾಸ ನೋಡೇ ಉತ್ತರ ಕೊಡೋದು. 2022ರಲ್ಲಿ ಕ್ಲೌಡ್‌ಫ್ಲೇರ್ ಕಂಪನಿಯ ಕೆಲವು ನೌಕರರು ಕಳ್ಳ ಪುಟದಲ್ಲಿ ಪಾಸ್‌ವರ್ಡ್ ಹಾಕಿಯೂ ಬಿಟ್ಟಿದ್ದರು, ಈ ಕೀ ಇದ್ದಿದ್ದಕ್ಕೆ ಕಳ್ಳರು ಒಳಗೆ ಬರೋಕೆ ಆಗಲಿಲ್ಲ. ದುಡ್ಡು ಹಾಕೋದು ಬೇಡ ಅಂದರೆ ಫೋನ್‌ನಲ್ಲೇ ಪಾಸ್‌ಕೀ (ಪಾಸ್‌ವರ್ಡ್ ಬದಲು ಫೋನ್‌ನ ಬೀಗ ತೆರೆದು ಲಾಗಿನ್ ಆಗೋದು) ಮಾಡಿಕೊಳ್ಳಬಹುದು, ಅದೂ ಹೀಗೇ ಕೆಲಸ ಮಾಡುತ್ತೆ.

ಒಂದು ಸಲ ನಾನು ಸಿಕ್ಕಿಹಾಕಿಕೊಂಡಿದ್ದೆ. 2023ರಲ್ಲಿ ಫೋನ್ ನೀರಿನ ಬಕೆಟ್‌ಗೆ ಬಿತ್ತು, ಕೆಟ್ಟೇ ಹೋಯಿತು. ಬಿಟ್‌ವಾರ್ಡನ್‌ಗೆ ಪಾಸ್‌ವರ್ಡ್ ಆದ ಮೇಲೆ ಹಾಕಬೇಕಾದ ಎರಡನೇ ಹಂತದ ಕೋಡ್ ಕೊಡೋ ಆಪ್ ಇದ್ದದ್ದು ಅದರಲ್ಲೇ. ಶುರುವಿನಲ್ಲಿ ಕೊಟ್ಟಿದ್ದ ರಿಕವರಿ ಕೋಡ್ ಪ್ರಿಂಟ್ ಬೀರುವಿನಲ್ಲಿ ಇತ್ತು, ಬಚಾವಾದೆ. ನೀವು ಹಾಕಿಕೊಂಡರೆ ಆ ಕೋಡನ್ನು ಮೊದಲ ದಿನವೇ ಕಾಗದಕ್ಕೆ ಇಳಿಸಿ. ಹಾಗೇ ನಿಮ್ಮ ಮೇಲ್‌ನ ಪಾಸ್‌ವರ್ಡ್ ವಾಲ್ಟ್‌ನ ಹೊರಗೂ ಒಂದು ಕಡೆ ಬರೆದಿಡಿ. ಎರಡನೇ ಹಂತ ಹಾಕಿಕೊಳ್ಳದವರು ಹೊಸ ಫೋನ್‌ನಿಂದ ತೆರೆದರೆ 2025ರಿಂದ ಬಿಟ್‌ವಾರ್ಡನ್ ಮೇಲ್‌ಗೆ ಒಂದು ಕೋಡ್ ಕಳಿಸುತ್ತೆ. ಮೇಲ್ ತೆರೆಯೋಕೆ ಪಾಸ್‌ವರ್ಡ್ ಬೇಕು, ಅದು ವಾಲ್ಟ್ ಒಳಗಿದ್ದರೆ ಎರಡೂ ಬಾಗಿಲು ಮುಚ್ಚಿದ ಹಾಗಾಯಿತು, ಅಲ್ವಾ.

ಉಚಿತ ಪ್ಲಾನ್‌ನಲ್ಲೇ ಇಬ್ಬರು ಪಾಸ್‌ವರ್ಡ್ ಹಂಚಿಕೊಳ್ಳಬಹುದು. ಭಾವನ ಬ್ಯಾಂಕ್, ಕೊರಿಯರ್ ಖಾತೆಗಳನ್ನು ಹಾಗೇ ಇಟ್ಟಿದ್ದೇವೆ, ಈಗ ವಾಟ್ಸಾಪ್‌ನಲ್ಲಿ ಪಾಸ್‌ವರ್ಡ್ ಕಳಿಸೋದು ನಿಂತಿದೆ. ಮೂರು ಜನ ಇದ್ದರೆ ದುಡ್ಡು ಕೊಡಬೇಕು. ನೀವು ಒಬ್ಬರೇ ಇದ್ದು, ಮೂರು ನಾಲ್ಕು ಖಾತೆ ಮಾತ್ರ ಇದ್ದರೆ ಫೋನ್‌ನಲ್ಲೇ ಬರೋ ಪಾಸ್‌ವರ್ಡ್ ಮ್ಯಾನೇಜರ್ ಸಾಕು, ಅದೂ ವಿಳಾಸ ನೋಡೇ ತುಂಬಿಸುತ್ತೆ. ಲೆಕ್ಕ ಬರೆಯೋರು, ಬೇರೆಯವರ ಲಾಗಿನ್ ಕೈಯಲ್ಲಿ ಇಟ್ಟುಕೊಂಡವರು ಮಾತ್ರ ಇದನ್ನು ಬಿಡಬೇಡಿ. ನಮ್ಮ ತಪ್ಪಿಗೆ ಹೋಗೋದು ಬೇರೆಯವರ ದುಡ್ಡು. ಸೋಲಾಪುರದವರಿಗೆ ನಾವು ಆ ಮೊತ್ತದಲ್ಲಿ ಅರ್ಧ ಬಿಟ್ಟುಕೊಟ್ಟೆವು, ಅರ್ಧ ಅವರು ಹೊತ್ತರು. ಈಗಲೂ ನಮ್ಮ ಹತ್ತಿರವೇ ಮಾಲು ತೆಗೆದುಕೊಳ್ತಾರೆ. ನಮ್ಮ ಪ್ರತಿ ಬಿಲ್ಲಿನ ಕೆಳಗೂ ಈಗ ಒಂದು ಸಾಲು ಇರುತ್ತೆ: ಖಾತೆ ನಂಬರ್ ಬದಲಾಗಿದೆ ಅಂತ ಮೇಲ್ ಬಂದರೆ ದುಡ್ಡು ಹಾಕೋ ಮುಂಚೆ ನಮ್ಮ ಹಳೇ ನಂಬರಿಗೇ ಫೋನ್ ಮಾಡಿ ಕೇಳಿ. ಅವರು ಪ್ರತಿ ಸಲ ಫೋನ್ ಮಾಡ್ತಾರೆ, ನಂಬರ್ ಬದಲಾಗದಿದ್ದರೂ.